ಓಬಯ್ಯ ಮೇಷ್ಟ್ರ ಜಾರುಮಂಚ

ಮಗಳ ಮದುವೆಯಲ್ಲಿ ಧಾರೆಯ ಮಣೆಯ ಮೇಲೆ ತಾನೇ ಕೂರುತ್ತೇನೆ, ಕೂತವನು ತಾನೇ ಏಳುತ್ತೇನೆ, ಏಳುವಾಗ ಒಂದು ನರಪಿಳ್ಳೆಯೂ ಬಂದು ಆಸರೆ ಕೊಡಕೂಡದು ಎಂದು ಚಂದ್ರಹಾಸ ಊಟದ ನಡುವೆ ಎದ್ದು ನಿಂತು ಘೋಷಿಸಿದ. ಘೋಷಣೆ ಗಂಭೀರವಾಗಿಯೇ ಇತ್ತು. ಆದರೆ ಘೋಷಿಸುವುದಕ್ಕೆಂದು ಕುರ್ಚಿಯಿಂದ ಏಳುವಷ್ಟರಲ್ಲಿ ತಟ್ಟೆಯಲ್ಲಿದ್ದ ಸಾರು ಆರಿ ತಣ್ಣಗಾಗಿತ್ತು.

“ಮೊದ್ಲು ಕೂತ್ಕೊಳ್ರೀ. ಕೂರೋದಕ್ಕೂ ಅಷ್ಟೇ ಹೊತ್ತು ಬೇಕಲ್ಲ ನಿಮಗೆ,” ಎಂದಳು ಹೆಂಡತಿ ರಂಜಿನಿ.

ಬೆನ್ನಿನ ಕಥೆ ಬಹಳ ಹಳೆಯದಲ್ಲ. ಹೋದ ಬೇಸಿಗೆಯಲ್ಲಿ ಗಾಜನೂರಿನಲ್ಲಿ ಷಡ್ಡಕ ಸುಬ್ಬಪ್ಪನ ಹೊಸ ಮನೆಯ ಗೃಹಪ್ರವೇಶವಿತ್ತು. ಸುಬ್ಬಪ್ಪ ಎಂದರೆ ರಂಜಿನಿಯ ಅಕ್ಕನ ಗಂಡ. ಅರವತ್ತರ ಹತ್ತಿರ ಬಂದರೂ ಅಡಿಕೆ ಮೂಟೆಯನ್ನು ಹೆಗಲಿಗೆ ಎಸೆದುಕೊಂಡು ಅಟ್ಟ ಹತ್ತುವ ಆಸಾಮಿ. ಅಲ್ಲಿ ನೆಲದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಚಂದ್ರಹಾಸ ಹೋಳಿಗೆ ತಿಂದ, ಮಜ್ಜಿಗೆ ಕುಡಿದ, ಏಳಲು ಹೋದ, ಏಳಲಿಲ್ಲ. ಪಂಕ್ತಿಯವರೆಲ್ಲ ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೂ ಅವನೊಬ್ಬ ಎಂಜಲೆಲೆಯ ಮುಂದೆ ಧ್ಯಾನಕ್ಕೆ ಕೂತವನ ಹಾಗೆ ಕೂತೇ ಇದ್ದ. ಕೊನೆಗೆ ಸುಬ್ಬಪ್ಪ ಹಿಂದಿನಿಂದ ಬಂದು ಕಂಕುಳಿಗೆ ಕೈ ಹಾಕಿ ಅವನನ್ನು ಎತ್ತಿ ನಿಲ್ಲಿಸಿದ. ಮೂಟೆಗೆ ತೋರಿಸುವಷ್ಟೇ ಮರ್ಯಾದೆಯನ್ನು ತೋರಿಸಿದ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತು. ಮಗಳು ಸಿರಿಯ ನಿಶ್ಚಿತಾರ್ಥದ ದಿನ, ಬೀಗರೆಲ್ಲ ಕೂತಿರುವಾಗ, ಅದೇ ಸುಬ್ಬಪ್ಪ ಬಾಯಿ ಬಿಟ್ಟ.

“ಚಂದ್ರು ಕೂತರೆ ಏಳೋ ಪೈಕಿ ಅಲ್ಲ ಮಾರಾಯ್ರೇ. ಧಾರೆಗೆ ನಾನೂ ನನ್ನ ಹೆಂಡ್ತೀನೂ ಕೂತ್ಕೋತೀವಿ. ಅವನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ನೋಡ್ಲಿ.”

ಅದರಲ್ಲಿ ತಪ್ಪೇನೂ ಇರಲಿಲ್ಲ. ತಂದೆ ಕೂರಲಾಗದಿದ್ದರೆ ದೊಡ್ಡಪ್ಪನೋ ಚಿಕ್ಕಪ್ಪನೋ ಕೂರುವುದು ಅವರ ಕಡೆ ನಡೆದುಬಂದದ್ದೇ. ಬೀಗರು ತಲೆಯಾಡಿಸಿದರು. ಸಿರಿ ಮಾತ್ರ ಅಪ್ಪನ ಮುಖ ನೋಡಿದಳು. ಅವಳು ಅವನ ಒಬ್ಬಳೇ ಮಗಳು. ಅವಳ ಕೈಯನ್ನು ಇನ್ನೊಬ್ಬ ಗಂಡಸು ಹಿಡಿದು ಧಾರೆ ಎರೆಯುವುದನ್ನು ಕುರ್ಚಿಯಲ್ಲಿ ಕೂತು ನೋಡಬೇಕೆಂದು ನೆನೆದರೇ ಚಂದ್ರಹಾಸನಿಗೆ ಕುರ್ಚಿಯ ಮೇಲೇ ಸಿಟ್ಟು ಬರುತ್ತಿತ್ತು. ಸಾರು ಆರಿಸಿದ ಆ ಘೋಷಣೆ ಹುಟ್ಟಿದ್ದು ಈ ಸಿಟ್ಟಿನಿಂದ.

ಅವನ ಕೆಲಸ ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ, ಮನೆ ಭದ್ರಾವತಿಯಲ್ಲಿ, ರೈಲು ಹಳಿಯ ಪಕ್ಕದ ಬೀದಿಯಲ್ಲಿ. ಓಡಬೇಡಿ, ಹಾರಬೇಡಿ, ಭಾರ ಎತ್ತಬೇಡಿ, ಕೀಲಿಗೆ ಪೆಟ್ಟು ಬೀಳದಂಥ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದರು. ಅಂಥದ್ದು ಪಿಲಾಟಿಸ್ ಎಂದು ಸಿರಿ ಪತ್ತೆ ಹಚ್ಚಿದಳು. ವಿನೋಬನಗರದ ಒಂದು ಮಹಡಿಯ ಮೇಲೆ ವಿದ್ಯಾಶ್ರೀ ಎಂಬಾಕೆ ಯಂತ್ರಗಳನ್ನಿಟ್ಟುಕೊಂಡು ಅದನ್ನು ಕಲಿಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿ, ಹೊಸ್ತಿಲಲ್ಲೇ ನಿಂತುಬಿಟ್ಟರು.

ಪರದೆ ಎಳೆದ ಕೋಣೆ. ಸಾಲಾಗಿ ಉದ್ದನೆಯ ಮಂಚಗಳು. ಒಂದೊಂದರ ಮೇಲೂ ಒಬ್ಬೊಬ್ಬರು ಅಂಗಾತ ಮಲಗಿ, ಕಣ್ಣು ಮುಚ್ಚಿ, ಪಾದಗಳನ್ನು ಹಗ್ಗದ ಕುಣಿಕೆಗಳಿಗೆ ಸಿಕ್ಕಿಸಿಕೊಂಡಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಮಂಚದ ಹಾಸು ಅವರನ್ನು ಹೊತ್ತುಕೊಂಡು ಹಿಂದಕ್ಕೆ ಜಾರುತ್ತಿತ್ತು, ಮತ್ತೆ ತಾನಾಗಿ ಮುಂದಕ್ಕೆ ಬರುತ್ತಿತ್ತು. ಗಾಲಿಗಳ ಸುಂಯ್ ಎಂಬ ಸದ್ದು, ಆಮೇಲೆ ಎಲ್ಲರೂ ಒಟ್ಟಿಗೆ ಬಿಡುವ ಉದ್ದನೆಯ ಉಸಿರು. ಇವನ್ನು ಬಿಟ್ಟರೆ ಆ ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ.

“ಇವರೆಲ್ಲ ಬದುಕಿದಾರಾ?” ಎಂದ ಚಂದ್ರಹಾಸ ಪಿಸುದನಿಯಲ್ಲಿ.

“ಉಸಿರು ಬಿಡ್ತಿದಾರಲ್ಲ.”

“ಬಿಡ್ತಿರೋದು ಕೇಳಿಸ್ತು. ತಗೊಳ್ಳೋದು ಕೇಳಿಸ್ಲಿಲ್ಲ.”

ಆ ಯಂತ್ರದ ಹೆಸರು ರಿಫಾರ್ಮರ್ ಎಂದು ವಿದ್ಯಾಶ್ರೀ ಪರಿಚಯಿಸಿದಳು. ರಂಜಿನಿ ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟೋ ಜನ ಸುಧಾರಕರು ಬಂದು ಹೋದ್ರಮ್ಮ, ಇವ್ರು ಸುಧಾರಿಸಿಲ್ಲ. ಇದೊಂದು ನೋಡೋಣ,” ಎಂದಳು. ಹಾಸಿನ ಕೆಳಗೆ ಸ್ಪ್ರಿಂಗುಗಳಿದ್ದವು. ಅವುಗಳ ಕೊಕ್ಕೆ ಸಿಕ್ಕಿಸಿದರೆ ಹಾಸು ಹಿಡಿತದಲ್ಲಿರುತ್ತದೆ, ಕಾಲಿನಿಂದ ತಳ್ಳಿದಷ್ಟೂ ಎಳೆಯುತ್ತದೆ. ಕೊಕ್ಕೆ ಬಿಚ್ಚಿದರೆ ಹಾಸನ್ನು ಹೇಳುವವರು ಕೇಳುವವರು ಯಾರೂ ಇಲ್ಲ. ಚಂದ್ರಹಾಸ ಮಲಗಿದ. ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳಿ ಎಂದಳು ವಿದ್ಯಾಶ್ರೀ. ನಡುವೆ ಇರುವುದನ್ನೆಲ್ಲ ಎಲ್ಲಿಡುವುದು ಎಂದು ಅವನು ಕೇಳಿದ. ಆದರೂ ತಳ್ಳಿದ, ಜಾರಿದ, ಮರಳಿದ. ಕೆಳಗಿಳಿದಾಗ ಬೆನ್ನಿನಲ್ಲಿ ಎಷ್ಟೋ ಕಾಲದಿಂದ ಮುಚ್ಚಿದ್ದ ಕಿಟಕಿಯೊಂದನ್ನು ಯಾರೋ ತೆರೆದ ಹಾಗಿತ್ತು.

ತೊಂದರೆಯೆಂದರೆ ಕಚೇರಿಯ ಹೊತ್ತಿಗೂ ತರಗತಿಯ ಹೊತ್ತಿಗೂ ತಾಳೆಯಾಗುತ್ತಿರಲಿಲ್ಲ. ಸ್ವಲ್ಪ ದಿನ ಕಲಿತ ಮೇಲೆ, ಮನೆಯಲ್ಲೇ ಒಂದು ಯಂತ್ರ ಇದ್ದರೆ ಎಷ್ಟು ಚೆನ್ನ ಎಂದು ಅವನು ಹಲುಬಿದ. ವಿದ್ಯಾಶ್ರೀ ಸ್ವಲ್ಪ ಹಿಂದುಮುಂದು ನೋಡಿ, “ನಿಮ್ಮ ಭದ್ರಾವತೀಲೇ ಒಂದಿದೆ ಸರ್. ಓಲ್ಡ್ ಟೌನಲ್ಲಿ. ಓಬಯ್ಯ ಮೇಷ್ಟ್ರು ಅಂತ, ಸೊಂಟದ ಆಪರೇಷನ್ ಆದ್ಮೇಲೆ ತರಿಸ್ಕೊಂಡಿದ್ರು. ಈಚೆಗೆ ತೀರಿಕೊಂಡ್ರು. ಮನೆಯವ್ರು ಯಾರಿಗಾದ್ರೂ ಕೊಡ್ತೀವಿ ಅಂತಿದ್ರು,” ಎಂದಳು.

ಓಬಯ್ಯ ಮೇಷ್ಟ್ರ ಸೊಸೆ ಯಂತ್ರವನ್ನು ತೋರಿಸುವಾಗ ಅದರ ಹತ್ತಿರ ಬರಲಿಲ್ಲ. ಬಾಗಿಲ ಬಳಿಯೇ ನಿಂತು, “ಮಾವ ಹೆಡ್ಮಾಸ್ಟರಾಗಿದ್ರಲ್ಲ, ಭಾಳ ಶಿಸ್ತು. ದಿನಾ ಸಂಜೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಇದರ ಮೇಲೆ ಮಲಗೋರು. ಒಂದಿನಾನೂ ತಪ್ಪಿಸಿದವರಲ್ಲ,” ಎಂದಳು. ಬಾಗಿಲನ್ನು ಅಗಲವಾಗಿ ತೆರೆದು, “ಲಗೇಜ್ ಆಟೋ ಈಗಲೇ ತರಿಸ್ತೀರಾ?” ಎಂದು ಸೇರಿಸಿದಳು. ಆ ಅವಸರದ ಅರ್ಥ ಚಂದ್ರಹಾಸನಿಗೆ ಆಗ ಹೊಳೆಯಲಿಲ್ಲ. ಒಳ್ಳೆಯ ಜನ ಎಂದುಕೊಂಡ.

ಮಂಚ ನಡುಮನೆಗೆ ಬಂತು. ಚಂದ್ರಹಾಸನ ತಾಯಿ ಕರಿಯಮ್ಮ ಅದರ ಸುತ್ತ ಒಂದು ಸುತ್ತು ಬಂದು, ಹಗ್ಗಗಳನ್ನು ಮುಟ್ಟದೆ ನೋಡಿದಳು.

“ಇದೇನೋ, ಚಟ್ಟ ಕಟ್ಟಿದ ಹಾಗಿದೆಯಲ್ಲೋ.”

“ವ್ಯಾಯಾಮದ ಯಂತ್ರ ಅಮ್ಮ.”

“ತಲೆ ಬೇರೆ ಉತ್ತರಕ್ಕೆ ಬರುತ್ತೆ. ಬದುಕಿರೋರು ಯಾರಾದ್ರೂ ಹಾಗೆ ಮಲಗ್ತಾರೇನೋ? ತಿರುಗಿಸು.”

ತಿರುಗಿಸಿದರು. ತಲೆ ದಕ್ಷಿಣಕ್ಕೆ, ಬಚ್ಚಲ ಕಡೆಗೆ ಬಂತು. ಚಂದ್ರಹಾಸ ಬೆಳಿಗ್ಗೆ ಬೇಗ ಎದ್ದು ಮಲಗತೊಡಗಿದ. ಎದ್ದು ಮಲಗುವ ವ್ಯಾಯಾಮವನ್ನು ತಾನು ಈವರೆಗೆ ಕಂಡಿರಲಿಲ್ಲ ಎಂದಳು ರಂಜಿನಿ.

ಹೆಚ್ಚು ದಿನ ಕಳೆಯಲಿಲ್ಲ. ಒಂದು ಸಂಜೆ ಬಸ್ಸಿಳಿದು ಬಂದರೆ ಅತ್ತೆ ಸೊಸೆ ಇಬ್ಬರೂ ಹೊರಗೆ ಜಗಲಿಯ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ರಂಜಿನಿ ಅತ್ತೆಗೆ ಅಷ್ಟು ಹತ್ತಿರ ಕೂತದ್ದನ್ನು ಚಂದ್ರಹಾಸ ನೋಡಿರಲಿಲ್ಲ. ಒಳಗೆ ಮನೆ ಕತ್ತಲಾಗಿತ್ತು.

“ದೀಪ ಹಾಕಿಲ್ವಾ?”

“ಒಳಗೆ ಹೋಗ್ಬೇಡಿ,” ಎಂದಳು ರಂಜಿನಿ. “ಯಾರೋ ವ್ಯಾಯಾಮ ಮಾಡ್ತಿದಾರೆ.”

ದೇವರಿಗೆ ದೀಪ ಹಚ್ಚಿ ತಿರುಗಿದ್ದೇ ತಡ, ನಡುಮನೆಯಿಂದ ಸುಂಯ್ ಎಂದು ಸದ್ದು ಬಂತಂತೆ. ಮಂಚದ ಹಾಸು, ಮೇಲೆ ಯಾರೂ ಇಲ್ಲದೆ, ಕಾಲ ಕಡೆಯಿಂದ ತಲೆಯ ಕಡೆಗೆ ಮೆಲ್ಲಗೆ ಜಾರಿಕೊಂಡು ಹೋಗಿ ಟಕ್ ಎಂದು ನಿಂತಿತಂತೆ. ಚಂದ್ರಹಾಸ ನಕ್ಕ. ನಕ್ಕು ಒಳಗೆ ಹೋಗಿ ನೋಡಿದ. ಹಾಸು ತಲೆಯ ಕಡೆಗೇ ಇತ್ತು. ಬೆಳಿಗ್ಗೆ ತಾನೇ ಸಿಕ್ಕಿಸಿದ್ದ ಸ್ಪ್ರಿಂಗುಗಳ ಕೊಕ್ಕೆ ಬಿಚ್ಚಿತ್ತು. ಕಿತ್ತೋ ಜಾರಿಯೋ ಬಿಚ್ಚಿದ್ದಲ್ಲ. ಒಂದರ ಪಕ್ಕ ಒಂದು, ಅಂಚು ಕೂಡಿಸಿ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಯಾರೋ ಅವನ್ನು ಜೋಡಿಸಿಟ್ಟಿದ್ದರು. ಅವನ ನಗು ನಿಂತಿತು.

ಮಾರನೆಯ ದಿನವೂ ಅದೇ ಕಥೆ. ಅದರ ಮಾರನೆಯ ದಿನವೂ. ಬೆಳಿಗ್ಗೆ ಕೊಕ್ಕೆ ಸಿಕ್ಕಿಸಿದರೆ ಸಂಜೆಗೆ ಬಿಚ್ಚಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಒಂದು ಸಲ, ಒಂದೇ ಸಲ, ಹಾಸು ಜಾರುತ್ತಿತ್ತು.

“ಒಂದೇ ಸಲ ಯಾಕೆ?” ಎಂದ ಚಂದ್ರಹಾಸ, ದನಿಯಲ್ಲಿ ಧೈರ್ಯ ತಂದುಕೊಂಡು.

“ವಯಸ್ಸಾಗಿತ್ತಲ್ರೀ ಪಾಪ,” ಎಂದಳು ರಂಜಿನಿ.

ಕಣ್ಣಾರೆ ನೋಡಿಯೇ ತೀರುತ್ತೇನೆಂದು ಒಂದು ದಿನ ಅವನು ಕಚೇರಿಯಿಂದ ಬೇಗ ಬಂದು ನಡುಮನೆಯಲ್ಲಿ ಒಬ್ಬನೇ ಕುರ್ಚಿ ಹಾಕಿಕೊಂಡು ಕೂತ. ಹೆಂಗಸರು ಜಗಲಿಯಲ್ಲಿದ್ದರು. ಬೆಳಕು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಏರಿ ಕಂದಿತು. ದೇವರ ಮುಂದಿನ ದೀಪದ ಕುಡಿ ಒಮ್ಮೆ ನಡುಗಿತು. ಕೂತ ಕುರ್ಚಿಯ ಕೆಳಗೆ ನೆಲವೇ ಸಣ್ಣಗೆ ಗುಂಯ್‌ಗುಟ್ಟಿದ ಹಾಗಾಯಿತು. ಆಗ ಹಾಸು ಕದಲಿತು. ಮೊದಲು ಒಂದಿಷ್ಟೇ ಇಷ್ಟು, ಮಲಗಿದವರು ಸರಿಯಾಗಿ ಒರಗಿಕೊಂಡ ಹಾಗೆ. ಆಮೇಲೆ ಹೊರಟಿತು. ಇಕ್ಕೆಲದಲ್ಲೂ ಹಗ್ಗದ ಕುಣಿಕೆಗಳು ತೂಗಾಡಿದವು. ಟಕ್.

ಹಳ್ಳಿಯ ಶಾಲೆಯಲ್ಲಿ ಓದಿದ ಚಂದ್ರಹಾಸನಿಗೆ ಹೆಡ್ಮಾಸ್ಟರರ ಮುಂದೆ ಕೂತು ಅಭ್ಯಾಸವಿರಲಿಲ್ಲ. ಅವನಿಗೇ ಗೊತ್ತಿಲ್ಲದ ಹಾಗೆ ಎದ್ದು ಕೈಕಟ್ಟಿ ನಿಂತಿದ್ದ. ಎಷ್ಟು ಹೊತ್ತು ನಿಂತಿದ್ದನೋ, ರಂಜಿನಿ ಬಾಗಿಲಿಂದ ಕರೆದಾಗ ಕಾಲು ಹೊರಗೆ ಹಾಕಿದ.

“ನಾಳೇನೇ ವಾಪಸ್ ಕೊಟ್ಟು ಬನ್ನಿ,” ಎಂದಳು ಅವಳು.

“ಕೊಟ್ರೆ ಧಾರೆಗೆ ನಿಮ್ಮ ಭಾವ ಕೂರ್ತಾರೆ.”

“ಕೂರ್ಲಿ ಬಿಡ್ರೀ. ಜೀವಕ್ಕಿಂತ ಹೆಚ್ಚಾ?”

ಚಂದ್ರಹಾಸ ಬೀದಿಯ ಕಡೆ ತಿರುಗಿದ. ಸಿರಿ ಮಕ್ಕಳಿಗೆ ಸಂಜೆಯ ಟ್ಯೂಷನ್ ಹೇಳಿ ಮುಗಿಸಿ ಬೀದಿಯ ತುದಿಯಲ್ಲಿ ಬರುತ್ತಿದ್ದಳು. ಬೀದಿದೀಪದ ಕೆಳಗೆ ಅವಳ ನೆರಳು ಉದ್ದವಾಗಿ ಮುಂದೆ ಮುಂದೆ ಬಂತು. ಇನ್ನು ಎಷ್ಟು ಸಂಜೆ ಅವಳು ಈ ಬೀದಿಯಲ್ಲಿ ಹೀಗೆ ಬರುತ್ತಾಳೆ ಎಂದು ಅವನಿಗೆ ಅನಿಸಿತು. ರಂಜಿನಿಗೂ ಅನಿಸಿರಬೇಕು. ಮಂಚದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಹೀಗಾಗಿ ಮನೆಯಲ್ಲೊಂದು ಒಪ್ಪಂದವಾಯಿತು. ಬೆಳಿಗ್ಗೆ ಮಂಚ ಚಂದ್ರಹಾಸನದು, ಸಂಜೆ ಮೇಷ್ಟ್ರದು. ದೀಪ ಹಚ್ಚಿದ ಕೂಡಲೇ ಮನೆ ಮಂದಿಯೆಲ್ಲ ಜಗಲಿಗೆ ಬಂದು ಕೂರುತ್ತಿದ್ದರು. ಒಳಗಿನಿಂದ ಟಕ್ ಎಂದು ಕೇಳಿದ ಮೇಲೆ ಎದ್ದು ಹೋಗುತ್ತಿದ್ದರು. ಮಗಳ ಮದುವೆ ಹತ್ತಿರ ಬಂದಂತೆ ಈ ಮನೆಯವರಲ್ಲಿ ಎಂಥ ಪ್ರೀತಿ ಉಕ್ಕಿದೆ ನೋಡಿ ಎಂದು ಬೀದಿಯವರು ಮೆಚ್ಚಿಕೊಂಡರು. ಸಿರಿಗೆ ಮಾತ್ರ ಯಾರೂ ವಿಷಯ ತಿಳಿಸಲಿಲ್ಲ. ಹಸೆಮಣೆ ಏರುವ ಹುಡುಗಿಯ ಕಿವಿಗೆ ಇಂಥದ್ದೆಲ್ಲ ಬೀಳಬಾರದೆಂದು ಕರಿಯಮ್ಮ ಕಟ್ಟಪ್ಪಣೆ ಮಾಡಿದ್ದಳು. ಬಂದವಳಿಗೆ ಜಗಲಿಯಲ್ಲೇ ಕಾಫಿ ಸಿಗುತ್ತಿತ್ತು.

ಮದುವೆ ಹತ್ತಿರವಾದಾಗ ಒಂದು ಭಾನುವಾರ ಸುಬ್ಬಪ್ಪ ಗಾಜನೂರಿನಿಂದ ಬಂದ. ಬರುವಾಗಲೇ ಇಳಿಹೊತ್ತಾಗಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟವನೇ ನೇರ ವಿಷಯಕ್ಕೆ ಬಂದ.

“ಚಂದ್ರು, ಇವತ್ತು ಒಂದು ತೀರ್ಮಾನ ಆಗ್ಲಿ. ಇಲ್ಲೇ ಮಣೆ ಹಾಕು. ಕೂತು ಎದ್ದು ತೋರ್ಸು. ಎದ್ದರೆ ಧಾರೆ ನಿಂದು, ಏಳದಿದ್ರೆ ನಂದು. ಮಂಟಪದಲ್ಲಿ ಜನರ ಮುಂದೆ ಎಳೆದಾಡೋದು ಬೇಡ ಮಾರಾಯ.”

“ಜಗಲೀಲಿ ಹಾಕೋಣ,” ಎಂದಳು ರಂಜಿನಿ ತಟ್ಟನೆ.

“ಜಗಲೀಲಿ ಯಾರಾದ್ರೂ ಧಾರೆಗೆ ಕೂರ್ತಾರೇನಮ್ಮ? ನಡುಮನೇಲಿ, ದೇವರೆದುರಿಗೆ ಹಾಕು.”

ಭಾವನಿಗೆ ಎದುರಾಡುವ ಅಭ್ಯಾಸ ರಂಜಿನಿಗಿರಲಿಲ್ಲ. ಒಳಗೊಂದು ದೆವ್ವವಿದೆ, ಅದು ಹೋಗಲಿ ಆಮೇಲೆ ಕೂರೋಣ ಎಂದು ಹೇಳುವುದಾದರೂ ಹೇಗೆ? ಮಣೆ ಹಾಕಿದಳು. ಮಂಚದ ಮೇಲೆ ಏನೋ ಬಟ್ಟೆ ಹೊದಿಸಿದ್ದು ಮಬ್ಬಿನಲ್ಲಿ ಕಂಡಿತು. ಒಣಗಿದ ಬಟ್ಟೆ ತಂದು ಅತ್ತೆ ಅಲ್ಲಿಟ್ಟಿರಬೇಕೆಂದುಕೊಂಡಳು. ಚಂದ್ರಹಾಸ ಮಂಚದ ಕಡೆಗೆ ಮುಖ ಮಾಡಿ ಕೂತ. ಪರೀಕ್ಷೆ ಮಾಡುವವನು ನಿಂತಿರಬಾರದೆಂದು ಸುಬ್ಬಪ್ಪನೂ ಪಕ್ಕದಲ್ಲಿ ಇನ್ನೊಂದು ಮಣೆ ಎಳೆದುಕೊಂಡು ಕಾಲು ಮಡಿಸಿದ. ಕರಿಯಮ್ಮ ದೀಪ ಹಚ್ಚಿದಳು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಫ್ಯಾನು ನಿಂತ ಮೇಲೆ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ದೀಪದ ಬತ್ತಿ ಎಣ್ಣೆ ಹೀರುವುದು ಕೇಳಿಸುವ ಹಾಗಿತ್ತು.

ಸುಂಯ್.

ಹಾಸು ಹೊರಟಿತ್ತು. ಈ ಸಲ ಅದು ಖಾಲಿಯಾಗಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ, ಎಳೆಮಗುವಿನಷ್ಟು ಗಾತ್ರದ ಏನೋ ಒಂದು ಅದರ ಮೇಲೆ ಮಲಗಿತ್ತು. ಹಾಸು ದಿನಕ್ಕಿಂತ ಜೋರಾಗಿ ಅವರ ಕಡೆಗೆ ಬಂದು ಟಕ್ ಎಂದು ನಿಂತಿತು. ಆದರೆ ಮೇಲಿದ್ದದ್ದು ನಿಲ್ಲಲಿಲ್ಲ. ಅದು ಎದ್ದು ಕೂತಿತು. ಒಂದು ಕ್ಷಣ ಕೂತು ಯೋಚನೆ ಮಾಡಿತು. ಆಮೇಲೆ ದಡ್ ಎಂದು ನೆಲಕ್ಕೆ ಇಳಿದು, ಸುತ್ತಿದ ಬಟ್ಟೆಯನ್ನು ಹಿಂದೆ ಬಿಚ್ಚಿಕೊಳ್ಳುತ್ತ, ಗುಡುಗುಡು ಗುಡುಗುಡು ಎಂದು ಚಂದ್ರಹಾಸನ ಮಣೆಯ ಕಡೆಗೇ ಬಂತು. ಬಟ್ಟೆ ಮುಗಿದಲ್ಲಿ ಒಂದು ಕಪ್ಪನೆಯ ಬೋಳು ತಲೆ ಕಂಡಿತು. ಅದರ ಹಣೆಯಲ್ಲಿ ಕುಂಕುಮವಿತ್ತು.

ಆಮೇಲೆ ನಡೆದದ್ದು ಚಂದ್ರಹಾಸನ ಕಾಲುಗಳಿಗೆ ಮಾತ್ರ ಗೊತ್ತು. ಚಕ್ಕಳಮಕ್ಕಳ ಹಾಕಿ ಕೂತವನು ಕೈ ಊರಲಿಲ್ಲ, ಮಂಡಿ ಊರಲಿಲ್ಲ, ಉಶ್ ಎನ್ನಲಿಲ್ಲ. ಕೂತಿದ್ದ, ನಿಂತಿದ್ದ, ಬೀದಿಯಲ್ಲಿದ್ದ. ಎದುರುಮನೆಯ ಗೇಟು ಹಿಡಿದು ನಿಂತಾಗ ಅವನಿಗೆ ಉಸಿರು ತಗೊಳ್ಳುವುದು ನೆನಪಾಯಿತು.

ಸಿರಿ ಆಗತಾನೇ ಗೆಳತಿಯ ಮನೆಯಿಂದ ಬಂದವಳು ಅಪ್ಪನ ಕೈ ಹಿಡಿದುಕೊಂಡು, ಮೊಬೈಲಿನ ಟಾರ್ಚು ಬಿಟ್ಟು ನಡುಮನೆಗೆ ಬಂದಳು. ಬಗ್ಗಿ ನೆಲದ ಮೇಲಿದ್ದುದನ್ನು ಹೊರಳಿಸಿ ನೋಡಿದಳು.

“ಅಜ್ಜೀ, ಇದು ನಮ್ಮ ರುಬ್ಬೋ ಗುಂಡುಕಲ್ಲಲ್ವಾ?”

ಮೂಲೆಯಲ್ಲಿ ನಿಂತಿದ್ದ ಕರಿಯಮ್ಮನಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. “ಹೂಂ, ನಾನೇ ಮಲಗಿಸಿದ್ದು. ಖಾಲಿ ತೊಟ್ಟಿಲು ತೂಗಬಾರದು, ಮನೆಗೆ ಆಗಿಬರಲ್ಲ. ಮದುವೆ ಹತ್ರ ಬಂತು, ಇದು ದಿನಾ ಖಾಲಿ ಓಡಾಡ್ತಿದೆ. ನಾಮಕರಣದಲ್ಲಿ ಮಗೂಗೆ ಮುಂಚೆ ಗುಂಡುಕಲ್ಲು ಮಲಗಿಸಲ್ವಾ? ಹಾಗೆ ಮಲಗಿಸ್ದೆ. ಬರಿಗಲ್ಲು ಮಲಗಿಸೋಕಾಗುತ್ತಾ, ಕುಂಕುಮ ಇಟ್ಟೆ,” ಎಂದಳು.

ಸಿರಿ ಮಂಚದ ಕೆಳಗೆ ಟಾರ್ಚು ಹಿಡಿದಳು. “ಈ ಕೊಕ್ಕೆ ಯಾರು ಬಿಚ್ಚಿದ್ದು?”

“ಅದೂ ನಾನೇ. ದಿನಾ ನಾನೇ ಬಿಚ್ಚೋದು. ನಿಮ್ಮಪ್ಪನಿಗೆ ಅಷ್ಟೂ ಬುದ್ಧಿ ಇಲ್ಲ. ದುಡಿದದ್ದನ್ನ ಹೊತ್ತು ಮುಳುಗೋದ್ರೊಳಗೆ ಬಿಚ್ಚಿ ಬಿಡಬೇಕು. ನೊಗ ಕಟ್ಟಿದ ಎತ್ತನ್ನ ಹಾಗೇ ಬಿಟ್ಟು ಒಳಗೆ ದೀಪ ಹಚ್ತಾರೇನೇ?”

ಮಂಚ ಜಾರುವುದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಿ ಸೊಸೆಗೆ ಅಂಟಿಕೊಂಡು ಕೂರುತ್ತಿದ್ದವಳು ಅವಳೇ. ಯಾರು ಬಿಚ್ಚುತ್ತಾರೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದದ್ದಕ್ಕೆ ಅವಳೂ ಹೇಳಿರಲಿಲ್ಲ. ಮಿಕ್ಕದ್ದನ್ನು ಸಿರಿ ಬಿಡಿಸಿದಳು. ನಡುಮನೆಯ ನೆಲ ಬಚ್ಚಲ ಕಡೆಗೆ ಇಳಿಜಾರು, ತೊಳೆದ ನೀರು ಹೋಗಲೆಂದು ಕಟ್ಟಿದವರು ಹಾಗೆ ಕಟ್ಟಿದ್ದರು. ತಲೆ ದಕ್ಷಿಣಕ್ಕೆ ತಿರುಗಿಸಿದ್ದರಿಂದ ಹಾಸು ಇಳಿಜಾರಿನ ಮೇಲ್ತುದಿಗೆ ಬಂದಿತ್ತು. ಕೊಕ್ಕೆ ಬಿಚ್ಚಿದ ಮೇಲೆ ಹಿಡಿಯುವವರಿಲ್ಲ. ಸಂಜೆಯ ರೈಲು ಹೋಗುವಾಗ ಮನೆ ಸ್ವಲ್ಪ ಅದುರುತ್ತದೆ, ಹಾಸು ಹೊರಡುತ್ತದೆ. ಕೇಳಿದ ಎಲ್ಲರಿಗೂ ಜೀವ ಬಂತು. ರಂಜಿನಿ ನಗಲು ಶುರುಮಾಡಿ ನಿಲ್ಲಿಸಲಾರದೆ ಅಡುಗೆಮನೆಗೆ ಹೋದಳು.

“ನಗೋದು ಆಮೇಲಾಯ್ತು,” ಎಂಬ ದನಿ ನೆಲದಿಂದ ಬಂತು. ಸುಬ್ಬಪ್ಪ ಇನ್ನೂ ಮಣೆಯ ಮೇಲೆಯೇ ಇದ್ದ. “ಯಾರಾದ್ರೂ ಬಂದು ನನ್ನ ಎಬ್ಬಿಸ್ರೋ. ಕಾಲು ಎರಡೂ ಇಲ್ಲವೇ ಇಲ್ಲ ಅನ್ನಿಸ್ತಿದೆ.”

ಚಂದ್ರಹಾಸ ಹಿಂದಿನಿಂದ ಹೋಗಿ ಕಂಕುಳಿಗೆ ಕೈ ಹಾಕಿದ. ಅವನ ಜೀವಮಾನದ ಒಳ್ಳೆಯ ಘಳಿಗೆಗಳಲ್ಲಿ ಅದೂ ಒಂದು. ಎದ್ದು ನಿಂತ ಸುಬ್ಬಪ್ಪ ಪಂಚೆ ಕೊಡವಿಕೊಂಡು, ನ್ಯಾಯ ಬಿಡದವನ ಹಾಗೆ, “ಎದ್ದದ್ದು ನಾನು ಕಣ್ಣಾರೆ ನೋಡಿದೀನಿ. ಗಿಡುಗ ಎದ್ದ ಹಾಗೆ ಎದ್ದ. ಧಾರೆಗೆ ಚಂದ್ರೂನೇ ಕೂರ್ಲಿ,” ಎಂದು ತೀರ್ಪು ಕೊಟ್ಟ.

ಸೋಮವಾರ ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ದಿನವೂ ರೈಲಿನಲ್ಲಿ ಓಡಾಡುವ ಜಯಪ್ಪ. ಇವತ್ತೇನು ಬಸ್ಸಿಗೆ ಎಂದು ಚಂದ್ರಹಾಸ ಕೇಳಿದ.

“ಹಳಿ ಕೆಲಸ ನಡೀತಿದೆ ಸಾರ್. ನಿನ್ನೆ ಬೆಳಿಗ್ಗೆಯಿಂದ ಇತ್ತಕಡೆ ಒಂದು ಗಾಡೀನೂ ಓಡ್ತಿಲ್ಲ. ನಾಳೆಯಿಂದ ಸರಿಹೋಗುತ್ತಂತೆ.”

“ನಿನ್ನೆ ಸಂಜೆ ಗಾಡಿ?”

“ಅದೂ ಇರಲಿಲ್ಲ.”

ಮನೆಗೆ ಹೋದ ಮೇಲೆ ಚಂದ್ರಹಾಸ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಂಚ ಹೋಗುತ್ತಿತ್ತು, ಮಂಚ ಹೋದರೆ ಬೆನ್ನು ಹೋಗುತ್ತಿತ್ತು. ಕೊಕ್ಕೆಗಳನ್ನು ತಂತಿಯಿಂದ ಬಿಗಿದು ಕಟ್ಟಿದ. ಅಮ್ಮ ಗೊಣಗಿದರೂ ಕೇಳಲಿಲ್ಲ. ಬೆಳಿಗ್ಗೆ ಮಂಚ ಹತ್ತುವ ಮೊದಲು ಅತ್ತಿತ್ತ ನೋಡಿ, ತುಟಿ ಅಲುಗದಂತೆ, “ನಮಸ್ಕಾರ ಸಾರ್,” ಎನ್ನತೊಡಗಿದ. ಆಮೇಲೆ ಒಂದು ದಿನವೂ ಅವನು ತಪ್ಪಿಸಲಿಲ್ಲ, ಎಣಿಕೆಯಲ್ಲಿ ಮೋಸ ಮಾಡಲಿಲ್ಲ, ಬೆನ್ನು ಗೂನು ಮಾಡಲಿಲ್ಲ. ಕತ್ತಿನ ಹಿಂದೆ ಯಾವಾಗಲೂ ತಣ್ಣಗೆ ಏನೋ ಸುಳಿದಂತಿರುತ್ತಿತ್ತು, ಯಾರೋ ಬಗ್ಗಿ ನೋಡುತ್ತಿರುವ ಹಾಗೆ. “ಇಷ್ಟು ಶಿಸ್ತಾಗಿ ಕಲಿತವರನ್ನ ನಾನು ನೋಡೇ ಇಲ್ಲ ಸರ್,” ಎಂದು, ರಜೆಯ ದಿನ ತರಗತಿಗೆ ಹೋದಾಗ ವಿದ್ಯಾಶ್ರೀ ಬೆರಗಾದಳು. ಅದರ ಗುಟ್ಟು ಅವನು ಬಿಡಲಿಲ್ಲ.

ಮದುವೆಯ ದಿನ ಶಿವಮೊಗ್ಗದ ಕಲ್ಯಾಣಮಂಟಪ ತುಂಬಿತ್ತು. ಚಂದ್ರಹಾಸ ರೇಷ್ಮೆ ಪಂಚೆ ಉಟ್ಟು ಮಣೆಯ ಮೇಲೆ ಕೂತಾಗ ಮುಂದಿನ ಸಾಲಿನವರೆಲ್ಲ ಕತ್ತು ಚಾಚಿದರು. ಗೃಹಪ್ರವೇಶದ ಪಂಕ್ತಿಯಲ್ಲಿದ್ದವರೇ ಅಲ್ಲಿ ಹೆಚ್ಚು. ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ವರ ಗಣೇಶನ ಕೈಯ ಮೇಲೆ ಸಿರಿಯ ಕೈಯಿಟ್ಟು, ಎರಡಕ್ಕೂ ತನ್ನ ಕೈ ಕೊಟ್ಟು ಹಿಡಿದ. ರಂಜಿನಿ ಸಣ್ಣ ಧಾರೆಯಾಗಿ ಹಾಲು ಬಿಟ್ಟಳು. ವಾಲಗ ಜೋರಾಯಿತು, ಅಕ್ಷತೆ ಬಿತ್ತು, ಯಾರೋ ಮೂಗು ಸೀಟಿಕೊಂಡರು. ಅಷ್ಟು ದೊಡ್ಡ ಕೆಲಸ ಅಷ್ಟು ಬೇಗ ಮುಗಿದುಹೋಯಿತು.

“ಆಯ್ತು ಯಜಮಾನ್ರೇ, ಕೈ ಬಿಟ್ಟು ಏಳಿ,” ಎಂದರು ಪುರೋಹಿತರು.

ಬೆನ್ನು ತಯಾರಾಗಿಯೇ ಇತ್ತು. ಕಾಲಿನಲ್ಲಿ ನೋವಿಲ್ಲ, ಜೋಮಿಲ್ಲ. ಒಂದೇ ಉಸಿರಿಗೆ, ಇಡೀ ಮಂಟಪ ಮೂಗಿನ ಮೇಲೆ ಬೆರಳಿಡುವ ಹಾಗೆ ಎದ್ದು ನಿಲ್ಲಬಲ್ಲೆನೆಂದು ಅವನಿಗೆ ಗೊತ್ತಿತ್ತು. ಆದರೆ ಎದ್ದರೆ ಸಿರಿಯ ಕೈ ಬಿಡಬೇಕಿತ್ತು. ಹಾಲಿನಲ್ಲಿ ನೆನೆದು ತಣ್ಣಗಾಗಿದ್ದ ಆ ಕೈಯನ್ನು ಬಿಡುವುದು ಅವನಿಂದಾಗಲಿಲ್ಲ. ಪುರೋಹಿತರು ಇನ್ನೊಮ್ಮೆ ಏಳಿ ಎಂದರು. ವಾಲಗದವರು ನಿಲ್ಲಿಸಿ ಕಾದರು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

ಸಿರಿ ಬಗ್ಗಿ, “ಅಪ್ಪಾ, ಬೆನ್ನಾ?” ಎಂದಳು.

ಇಲ್ಲ ಎನ್ನಲು ಬಾಯಿ ತೆರೆದರೆ ಮಾತಿನ ಬದಲು ಅಳು ಬರುವ ಹಾಗಿತ್ತು. ತಲೆ ತಗ್ಗಿಸಿ, “ಬೆನ್ನೇ ಕಣಮ್ಮ,” ಎಂದ.

ಅಷ್ಟು ಸಾಕಿತ್ತು. ಸುಬ್ಬಪ್ಪ ಶಲ್ಯವನ್ನು ಸೊಂಟಕ್ಕೆ ಬಿಗಿದು ವೇದಿಕೆಗೆ ಹತ್ತಿ ಬಂದು, ಹಿಂದಿನಿಂದ ಅವನನ್ನು ಹಿಡಿದು ಎತ್ತಿ ನಿಲ್ಲಿಸಿದ. ಸಿರಿಯ ಕೈ ತಾನಾಗಿ ಬಿಟ್ಟುಹೋಯಿತು. ಸಭೆಯಲ್ಲಿ ನಗು ಹರಡಿತು. “ಗಣೇಶಪ್ಪ, ನಿಮ್ಮ ಮಾವನ ಬೆನ್ನು ಸ್ವಲ್ಪ ವೀಕು, ಇನ್ಮೇಲೆ ನೋಡ್ಕೋ,” ಎಂದು ಸುಬ್ಬಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಚಂದ್ರಹಾಸ ಹೌದೆಂದು ತಲೆಯಾಡಿಸಿದ.

ರಂಜಿನಿ ಸೆರಗಿನಿಂದ ಅವನ ಮುಖ ಒರೆಸಿದಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. “ದೆವ್ವದ ಜೊತೆ ಮಲಗಿ ಕಲಿತದ್ದೆಲ್ಲ ದಂಡ ಆಯ್ತಲ್ರೀ,” ಎಂದವಳು ದನಿ ತಗ್ಗಿಸಿ ಕೇಳಿದಳು: “ಅಷ್ಟೊಂದು ನೋಯ್ತಿದ್ಯಾ?”

“ತುಂಬಾ ಕಣೇ,” ಎಂದ ಚಂದ್ರಹಾಸ.